ಗುಂಡಿನ ಸದ್ದಿನಡಿಯ ಕೊಳಲು

ಮೂಲೆ ಅಂಗಡಿಯ ಕ್ಷೌರಿಕ ಹಾಡು ಹಾಕುವವನಲ್ಲ. ಸಿನಿಮಾದಲ್ಲಿದ್ದೂ ಆಲ್ಬಮ್ಮಿಗೆ ಸೇರದ ಹಿನ್ನೆಲೆ ಸಂಗೀತವೇ ಅವನಿಗೆ ಬೇಕು. ಎಲ್ಲವೂ ಸಿನಿಮಾದಿಂದಲೇ ಕಿತ್ತದ್ದಾದ್ದರಿಂದ ಪಿಟೀಲಿನ ಜೊತೆ ನಾಯಕಿಯ ಬಿಕ್ಕಳಿಕೆ, ಖಳನ ಕಾರಿನ ಹಾರನ್ನು ಪುಕ್ಕಟೆ. "ಅಣ್ಣಾ, ಒಂದಾದ್ರೂ ಹಾಡು ಹಾಕು, ತಲೆ ಕೆಡ್ತಿದೆ" ಎಂದು ಗಿರಾಕಿ ಗೊಣಗಿದರೆ, "ತಲೆ ನನ್ನ ಕೈಲಿದೆ, ಸುಮ್ನೆ ಕೂತ್ಕೋ" ಎನ್ನುತ್ತಾನೆ. ಹಿನ್ನೆಲೆ ಸಂಗೀತವನ್ನೂ ಬೇರೆಯಾಗಿ ಹೊರತನ್ನಿ ಎಂದು ಆಲ್ಬಮ್ ಕಂಪನಿಗೆ ಹನ್ನೊಂದು ಪತ್ರ ಬರೆದ. "ಹಾಡಿಲ್ಲದ್ದನ್ನ ಯಾರ್ರೀ ಕೇಳ್ತಾರೆ?" ಎಂದರಂತೆ ಆ ಘನವಂತರು, ನಾಯಕ ಸೀನಿದ್ದನ್ನೂ ಮಾರುವವರು ಅವರು. ಒಂದು ಚಿತ್ರದ ಕೊಳಲು ಮಾತ್ರ ಅವನ ಅಪ್ಪ ನುಡಿಸಿದ್ದು. ಸತ್ತ ಅಪ್ಪನದೆಂದು ಉಳಿದಿರುವುದು ಅದೊಂದೇ. ಕೊಳಲು ಕೊನೆಯ ಸ್ವರಕ್ಕೆ ಏರುವಷ್ಟರಲ್ಲಿ ಪರದೆಯ ಮೇಲೆ ಯಾರೋ ಗುಂಡು ಹಾರಿಸುತ್ತಾರೆ, ಸ್ವರ ಆ ಸದ್ದಿನಡಿ ಹೂತುಹೋಗುತ್ತದೆ. ಆ ಕೊನೆಯ ಸ್ವರವನ್ನು ಮಗ ಒಮ್ಮೆಯೂ ಕೇಳಿಲ್ಲ. ಆದರೂ ದಿನಾ, ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಸ್ಪೀಕರಿಗೆ ಕಿವಿ ಹಚ್ಚುತ್ತಾನೆ.