ಅತ್ತೆಯ ಓದು, ದೊಡ್ಡಪ್ಪನ ರೇಡಿಯೊ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬೆಟ್ಟದಪುರದ ನಮ್ಮ ಮನೆಗೆ ರೇಡಿಯೊ ಬಂದದ್ದು ಐವತ್ತೈದರಲ್ಲೋ ಐವತ್ತಾರರಲ್ಲೋ, ಖಾತ್ರಿಯಿಲ್ಲ. ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ, ರಜೆಗೆ ಮಾತ್ರ ಊರಿಗೆ ಬರುತ್ತಿದ್ದೆ. ಎರಡು ದಸರಾ ರಜೆಗಳನ್ನು ಬೆರೆಸಿ ಒಂದು ಮಾಡಿಕೊಂಡಿದ್ದೇನೋ ಏನೋ. ಹೇಸಿಗೆಯೊಂದು ಮಾತ್ರ ಹಾಗೇ ಉಳಿದಿದೆ. ಅದನ್ನಾದರೂ ನಂಬಬಹುದೇ? ವರ್ಷ ಕಳೆದಂತೆ ಹೇಸಿಗೆಯೂ ಬೆಳೆಯುತ್ತದೆ.

ನನ್ನ ಸೋದರತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ, ಅಂದರೆ ನಮ್ಮ ದೊಡ್ಡಪ್ಪ ಯಜಮಾನರಾಗಿದ್ದ ಇದೇ ಮನೆಗೆ, ಬಂದವರು. ಹಗಲೆಲ್ಲ ಸಗಣಿ, ಒಲೆ, ಮುಸುರೆ. ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಶರಣರ ಕತೆಗಳ ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಿದ್ದರು. ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು.

"ಇವತ್ತು ಅಳುಸ್ಬ್ಯಾಡಿ ಕಣಕ್ಕ, ಕಣ್ಣೀರು ಬಿದ್ದು ಸಾರು ಉಪ್ಪಾಯ್ತದೆ" ಎಂದು ಪಕ್ಕದ ಮನೆಯಾಕೆ ಛೇಡಿಸುತ್ತಿದ್ದಳು. ಆ ಮನೆಯಲ್ಲಿ ಅತ್ತೆ ಬಾಯಿ ತೆರೆದರೆ ಯಾರಾದರೂ ಕಿವಿಗೊಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ದೊಡ್ಡಪ್ಪ ಮೈಸೂರಿನಿಂದ ಬ್ಯಾಟರಿ ರೇಡಿಯೊ ತಂದರು. ಊರಿಗಿನ್ನೂ ಕರೆಂಟಿರಲಿಲ್ಲ. ಪೆಟ್ಟಿಗೆಯ ಹಣೆಗೆ ಒದ್ದೆ ವಿಭೂತಿ ಬಳಿದು, ತಂಗಿಯ ಕಡೆ ತಿರುಗಿ, "ಇನ್ಮೇಲೆ ನಿನ್ ಗಂಟ್ಲಿಗೆ ರಜಾ ಕಣವ್ವ. ಈ ಪೆಟ್ಗೇನೇ ಎಲ್ಲಾ ಯೋಳ್ತದೆ ಬುಡು" ಎಂದರು. ಗಂಡಸರು ಜಗಲಿ ತುಂಬಿದರು. ಹೆಂಗಸರು ಬರುವುದನ್ನು ಬಿಟ್ಟರು.

ದೊಡ್ಡಪ್ಪ ಸುಣ್ಣ ತೀಡಿದ ಬೆರಳನ್ನು ನಾಲಿಗೆಗೆ ಒರೆಸಿ, ಅದೇ ಬೆರಳಲ್ಲಿ ರೇಡಿಯೊದ ತಿರುಪು ತಿರುಗಿಸುತ್ತಿದ್ದರು. ತಿರುಪಿನ ಸಂದಿಯಲ್ಲಿ ಸುಣ್ಣ ಗಟ್ಟಿಯಾಗಿ, ಮೇಲೆ ಎಲೆಅಡಿಕೆಯ ಕೆಂಪು ಕೂತಿತ್ತು. "ಓದ್ದೋಳು ನೀನು, ನಾಜೂಕಾಗಿ ಒರ್ಸು" ಎಂದು ನನಗೇ ಬಟ್ಟೆ ಕೊಡುತ್ತಿದ್ದರು. ಕೊರಕೊರ ಸದ್ದಿಗೂ ತಲೆದೂಗುತ್ತ ಜನ ಗೋಡೆಗೆ ಉಗಿಯುತ್ತಿದ್ದರು. ಬೆಳಿಗ್ಗೆ ಅದನ್ನು ತೊಳೆಯುತ್ತಿದ್ದವರು ಅತ್ತೆ.

ನಮ್ಮ ಕಡೆ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಒಣಗಿಸುವ ಮನೆಯಲ್ಲಿ, ಬೆಂಕಿಯ ಕಾವಿಗೆ ಹದವಾದ ಹೊಗೆಸೊಪ್ಪನ್ನು ಇಳಿಸಿದ ಮೇಲೆ, ಒಂದು ಎಲೆ ಪುಡಿ ಮಾಡಿ, ಕಾಗದದಲ್ಲಿ ಸುತ್ತಿ, ಸೇದಿ ರುಚಿ ನೋಡುತ್ತಾರೆ. ಒಂದು ದಿನ ದೊಡ್ಡಪ್ಪ ಗೂಡಿನಲ್ಲಿದ್ದ ಅತ್ತೆಯ ಪುಸ್ತಕ ತೆಗೆದು ಹಾಳೆ ಹರಿದರು. ಅಂಚನ್ನು ಉದ್ದಕ್ಕೂ ನೆಕ್ಕಿ ಅಂಟಿಸಿದರು. "ಒಳ್ಳೆ ತೆಳು ಕಾಗ್ದ ಕಣ್ಲಾ, ಸೊಪ್ಪಿನ ರುಚಿ ಕೆಡ್ಸಾಕಿಲ್ಲ" ಎಂದು ಎದುರಿಗಿದ್ದ ರೈತನಿಗೂ ಒಂದು ಸುತ್ತಿಕೊಟ್ಟರು. ಮೂರು ಹೊತ್ತು ಲಿಂಗಪೂಜೆ ಮಾಡುವ ಮನುಷ್ಯ. ಶರಣರ ಮಾತು ಅವರ ಮೂಗಿನಿಂದ ಹೊಗೆಯಾಗಿ ಬರುತ್ತಿತ್ತು.

"ದೊಡ್ಡಪ್ಪ, ಅದು ಅತ್ತೆ ಓದೋ ಪುಸ್ತಕ" ಎಂದೆ.

"ಈಗೆಲ್ಲಿ ಓದ್ತಾಳೆ? ಪೆಟ್ಗೆ ಅದ್ಯಲ್ಲ!"

ಅತ್ತೆ ಕಾಫಿ ಲೋಟ ಇಟ್ಟು ಒಳಗೆ ಹೋದರು. ಆಮೇಲೆ ಸೊಪ್ಪು ಇಳಿಸಿದಾಗಲೆಲ್ಲ ಪುಸ್ತಕ ಸಣ್ಣದಾಗುತ್ತ ಬಂತು.

ಜಡಿಮಳೆ ಹಿಡಿಯಿತು. ರೇಡಿಯೊದ ದನಿ ಕ್ಷೀಣವಾಯಿತು. ಬ್ಯಾಟರಿಗೆ ಥಂಡಿ ಹಿಡಿದಿದೆ ಎಂದು ದೊಡ್ಡಪ್ಪ ತೀರ್ಮಾನಿಸಿದರು. ಥಂಡಿ ಹಿಡಿದ ಹಾಸಿಗೆ, ಮೆಣಸಿನಕಾಯಿ, ಸೌದೆ ಎಲ್ಲವೂ ನಮ್ಮಲ್ಲಿ ಬ್ಯಾರನ್ನಿನ ಕಾವಿಗೇ ಒಣಗುವುದು. ಬ್ಯಾಟರಿಯನ್ನೂ ಗೋಣಿದಾರದಲ್ಲಿ ಕಟ್ಟಿ ಸೊಪ್ಪಿನ ಸಾಲಿನ ನಡುವೆ ತೂಗುಹಾಕಿದರು. ಬೆಳಿಗ್ಗೆ ಬಾಗಿಲು ತೆರೆದರೆ ಅದರ ಮೇಣ, ಟಾರು ಕರಗಿ ಸೊಪ್ಪಿನ ಮೇಲೆ ತೊಟ್ಟಿಕ್ಕಿತ್ತು. ಆ ನಾತ ಮನೆಗೆಲ್ಲ ಹಬ್ಬಿತು. ಮುದ್ದೆ ಮುರಿದರೆ ಮುದ್ದೆಯಲ್ಲೂ ಅದೇ ನಾತ.

ಸಂಜೆ ಗಂಡಸರು ಎಂದಿನಂತೆ ಬಂದು ಮೂಕ ಪೆಟ್ಟಿಗೆಯ ಎದುರು ಕೂತರು. ದೊಡ್ಡಪ್ಪ ಬಾಯಲ್ಲಿದ್ದುದನ್ನು ಮೂಲೆಗೆ ಉಗಿದು ಕೂಗಿದರು: "ಲೇ ತಂಗಿ, ಬಾರವ್ವ. ಉಳ್ದಿರೋದ್ನೇ ಓದು. ಒತ್ತೇ ಓಯ್ತಾ ಇಲ್ಲ."

ಅತ್ತೆ ಹೊಸ್ತಿಲ ಒಳಗೇ ನಿಂತು, "ಕಣ್ಣು ಮಂಜಾಗ್ಯದೆ ಕಣಣ್ಣ. ಅಕ್ಸರ ಕಾಣಾಕಿಲ್ಲ" ಎಂದರು.

"ಯಾವಾಗಿಂದ್ಲೇ? ಕನ್ನಡ್ಕ ತರುಸ್ಲಾ?"

"ಬ್ಯಾಡ ಬುಡಿ."

ಅಷ್ಟೇ. ಜನ ಆಕಳಿಸಿ ಎದ್ದುಹೋದರು.

ಮಾರನೆಯ ದಿನ ಮಧ್ಯಾಹ್ನ ಕೊಟ್ಟಿಗೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಅತ್ತೆ ಸೊಪ್ಪು ವಿಂಗಡಿಸುತ್ತಿದ್ದರು. ನಿಂಬೆಹಳದಿ ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ. ಬೆರಳು ಎಲ್ಲೂ ತಡೆಯಲಿಲ್ಲ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಹಳದಿ. ನಾನು ಒಳ್ಳೆಯದರ ರಾಶಿಗೆ ಹಾಕಿದ ಎಲೆಯೊಂದನ್ನು ಅವರು ಹಿಂದಕ್ಕೆ ಎಳೆದು, ಅದರ ನರದ ಬುಡದಲ್ಲಿ ಸಾಸಿವೆಯಷ್ಟು ಉಳಿದಿದ್ದ ಹಸಿರನ್ನು ಉಗುರಿನಿಂದ ತೋರಿಸಿ, ಆಚೆ ಎಸೆದರು. ಆಗ ಕೇಳಿದೆ:

"ಅತ್ತೆ, ನಿಮಗೆ ನಿಜವಾಗ್ಲೂ ಅಕ್ಷರ ಕಾಣಲ್ವಾ?"