ಕಾಗೆಗೆ ಕೊಟ್ಟ ಮಾತು

ನಮ್ಮ ಅಜ್ಜಿ ತೀರಿಕೊಂಡಾಗ ನಾನು ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದೆ. ಮೀಸೆ ಬಂದಿತ್ತು, ಅದರ ಹಿಂದೆಯೇ ಬುದ್ಧಿಯೂ ಬಂದಿದೆ ಎಂದು ತಿಳಿದುಕೊಂಡಿದ್ದೆ. ಆ ಹದಿಮೂರು ದಿನಗಳ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಎಲ್ಲರಿಗೂ ಒಮ್ಮೆಲೇ ಬೇರೆ ಕೆಲಸ ನೆನಪಾಗುತ್ತದೆ. ನನಗೂ ಇಷ್ಟು ವರ್ಷ ಹಾಗೆಯೇ ನೆನಪಾಗುತ್ತಿತ್ತು. ಈಗ ಕೆಲಸವೇ ಇಲ್ಲದ ವಯಸ್ಸು, ಆದ್ದರಿಂದ ಬರೆಯುತ್ತಿದ್ದೇನೆ.

ಅಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಬೋಳಿಸಿದ ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು, ಒಂದು ಹೊತ್ತು ಊಟ. ಮಡಿಯಲ್ಲಿದ್ದಾಗ ನಮ್ಮ ನೆರಳು ತಾಕಿದರೂ ಮತ್ತೆ ಸ್ನಾನಕ್ಕೆ ನಡೆಯುತ್ತಿದ್ದಳು, ಹೋಗುವಾಗ ನಮ್ಮ ಏಳು ತಲೆಮಾರನ್ನು ಬೈದುಕೊಂಡೇ ಹೋಗುತ್ತಿದ್ದಳು. ಅಷ್ಟು ಕಟ್ಟುನಿಟ್ಟಿನ ಹೆಂಗಸು ಒಂದೇ ಒಂದು ವಿಷಯದಲ್ಲಿ ಊರಿಗೆ ಎದುರು ನಿಂತಿದ್ದಳು. ಅದು ನಮ್ಮ ಅತ್ತೆಯ ವಿಷಯ. ಅತ್ತೆ ಎಂದರೆ ಅಜ್ಜಿಯ ಒಬ್ಬಳೇ ಮಗಳು, ಅಪ್ಪನ ತಂಗಿ. ಗಂಡನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಆಕೆಯೂ ವಿಧವೆಯಾದಳು. ತಲೆ ಬೋಳಿಸಲು ಕ್ಷೌರಿಕನನ್ನು ಕರೆಸಿದ ದಿನ ಅಜ್ಜಿ ಹಿತ್ತಲ ಬಾಗಿಲಿಗೆ ಅಡ್ಡ ಕುಳಿತು, "ಅಕಿ ತಲಿಗೆ ಕೈ ಹಚ್ಚೂದಾದ್ರ ಮೊದಲ ನನ್ನ ಕುತ್ತಿಗಿಗೆ ಕತ್ತಿ ಇಡ್ರಿ" ಎಂದಳಂತೆ. ಇದನ್ನು ನನ್ನ ಅವ್ವ ನನಗೆ ಹೇಳಿದ್ದು. ಕ್ಷೌರಿಕ ತನ್ನ ಪೆಟ್ಟಿಗೆ ಎತ್ತಿಕೊಂಡು ಹಿಂದಕ್ಕೆ ಹೋದ.

ಅತ್ತೆ ಮುಂದೆ ಓದಿದಳು, ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಲು ಹೋದಳು. ಅಲ್ಲಿಯವರೆಗೆ ಅಪ್ಪ ಸಹಿಸಿಕೊಂಡರು. ಅಲ್ಲಿಯ ಒಬ್ಬ ಮಾಸ್ತರನನ್ನು ಮದುವೆಯಾದಳು ಎಂಬ ಸುದ್ದಿ ಬಂದ ದಿನ ಅಪ್ಪ ಆಕೆಗೆ ನಮ್ಮ ಮನೆಯ ಬಾಗಿಲು ಮುಚ್ಚಿದರು. ಅಪ್ಪ ಜಿಲ್ಲಾ ಕೋರ್ಟಿನಲ್ಲಿ ವಕೀಲರು, ಊರಲ್ಲಿ ಮಾನವಂತರು. ವಾಚನಾಲಯದಲ್ಲಿ ಸ್ತ್ರೀಶಿಕ್ಷಣದ ಮೇಲೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವರು. ಆ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿ ಅತ್ತೆಯ ಹೆಸರು ನಿಂತುಹೋಯಿತು. ಅಜ್ಜಿ ಮಾತ್ರ ಹುಬ್ಬಳ್ಳಿಯಿಂದ ಯಾರೇ ಬಂದರೂ ಅಲ್ಲಿ ಕುಡಿಯುವ ನೀರು ಹೇಗಿದೆ, ಈ ಸಲವಾದರೂ ಸಾಕಷ್ಟು ಸಿಗುತ್ತಿದೆಯೇ ಎಂದು ಕೇಳುತ್ತಿದ್ದಳು. ಹುಬ್ಬಳ್ಳಿಯ ನೀರಿನ ಚಿಂತೆ ಆಕೆಗೆ ಯಾಕೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹಾಸಿಗೆ ಹಿಡಿದ ಮೇಲೆ ಅಜ್ಜಿ ನೀರಿನ ಮಾತು ಬಿಟ್ಟಳು, ಅಪ್ಪನನ್ನು ನೇರವಾಗಿ ಕೇಳಿದಳು. ಮಗಳನ್ನು ಕರೆಸು, ನಡುಮನೆಯಲ್ಲಿ ಕೂಡಿಸಿ ಊಟಕ್ಕೆ ಹಾಕು, ನಾನು ಇಲ್ಲಿಂದಲೇ ನೋಡುತ್ತೇನೆ ಎಂದಳು. ನಾನು ಅಲ್ಲೇ ಕುಳಿತು ಆಕೆಯ ಕಾಲು ಒತ್ತುತ್ತಿದ್ದೆ. ಅಪ್ಪ, ಮೊದಲು ನೀನು ಆರಾಮಾಗು, ಆಮೇಲೆ ನೋಡೋಣ ಎಂದರು. ಕೋರ್ಟಿನಲ್ಲಿ ತಾರೀಖು ಮುಂದಕ್ಕೆ ಹಾಕಿಸಿಕೊಳ್ಳುವ ದನಿಯೇ ಅದು. ಅಜ್ಜಿ ಮತ್ತೆ ಕೇಳಿದಳು, ಅಪ್ಪ ಮತ್ತೆ ಅದನ್ನೇ ಅಂದರು. ಅಜ್ಜಿ ಕಾಯುತ್ತ ಕಾಯುತ್ತ ಒಂದು ಮುಂಜಾನೆ ಹೋಗಿಯೇ ಬಿಟ್ಟಳು.

ಸಾವು ಅಂದರೆ ಅಳು ಎಂದು ತಿಳಿದಿದ್ದೆ. ಆದರೆ ಅದು ಕೆಲಸ. ಸಗಣಿ ಸಾರಿಸಿದ ನೆಲಕ್ಕೆ ಇಳಿಸಬೇಕು, ಬಾಯಿಗೆ ಗಂಗೆ ಬಿಡಬೇಕು, ತುಳಸಿ ಇಡಬೇಕು, ಕಾಲಿನ ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟಬೇಕು. ಆ ದಾರ ಕಟ್ಟಲು ನನಗೆ ಹೇಳಿದರು, ಗಂಟು ಬಿಗಿಯಲು ನನಗೆ ಕೈ ಬರಲಿಲ್ಲ, ಆಕೆಗೆ ನೋಯುತ್ತದೆ ಎನಿಸಿತು. ಅಪ್ಪನ ತಮ್ಮ, ನಮ್ಮ ಕಾಕಾ, ಬಂದು ಬಿಗಿದರು. ಬಿದಿರಿನ ಚಟ್ಟಕ್ಕೆ ಹೆಗಲು ಕೊಟ್ಟಾಗ ಅಜ್ಜಿಯ ಭಾರವೇ ತಿಳಿಯಲಿಲ್ಲ, ಹಸಿ ಬಿದಿರಿನ ಭಾರವೇ ತಿಳಿಯಿತು. ಸ್ಮಶಾನದಲ್ಲಿ ಅಪ್ಪ ನೀರಿನ ಮಡಕೆ ಹೊತ್ತು ಚಿತೆಯ ಸುತ್ತ ನಡೆದರು, ಕಾಕಾ ಹಿಂದಿನಿಂದ ಕಲ್ಲಿನಿಂದ ಅದಕ್ಕೆ ತೂತು ಹಾಕುತ್ತ ಬಂದರು. ತಿರುಗಿ ನೋಡದೆ ಮನೆಗೆ ನಡೆಯಿರಿ ಎಂದರು. ನಾನು ನೋಡಲಿಲ್ಲ. ಒಲೆ ಹಚ್ಚದ ಮನೆಗೆ ನೆರೆಯವರು ಅನ್ನ ಸಾರು ತಂದಿಟ್ಟು ನಮ್ಮನ್ನು ಮುಟ್ಟದೆ ಹೋದರು. ಯಾರೂ ಮುಟ್ಟದವರಾಗುವುದೆಂದರೆ ಹೇಗಿರುತ್ತದೆ ಎಂದು ನನಗೆ ಆಗ ಮೊದಲ ಸಲ ಗೊತ್ತಾಯಿತು.

ಅತ್ತೆಗೆ ಕಾಕಾ ಸಾವಿನ ಸುದ್ದಿ ತಿಳಿಸಿದ್ದರು. ಆದರೆ ಬಾ ಎಂದು ಹೇಳುವ ಅಧಿಕಾರ ಅವರಿಗಿರಲಿಲ್ಲ. ಆಕೆ ಬರಲಿಲ್ಲ.

ಹತ್ತನೆಯ ದಿನ ಊರ ಹೊರಗಿನ ಕೆರೆಯ ದಂಡೆಗೆ ಗಂಡಸರೆಲ್ಲ ಹೋದೆವು. ತಲೆ ಮೀಸೆ ಬೋಳಿಸಿಕೊಂಡ ಅಪ್ಪ ನನಗೆ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ಭಟ್ಟರು ಮಂತ್ರ ಹೇಳಿಸಿ, ಅನ್ನದ ಪಿಂಡವನ್ನು ಎಲೆಯ ಮೇಲೆ ಇಡಿಸಿ, ಎಲ್ಲರನ್ನೂ ದೂರ ಸರಿಯಲು ಹೇಳಿದರು. ಇನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಸತ್ತವರಿಗೆ ಆಸೆ ಉಳಿದಿಲ್ಲ, ನೆಮ್ಮದಿಯಿಂದ ಹೊರಟರು ಎಂದರ್ಥ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ, ಅದನ್ನು ಮಕ್ಕಳು ಊಹಿಸಿ, ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು. ಇದನ್ನು ಭಟ್ಟರು ನನಗೆ ವಿವರಿಸುತ್ತಿದ್ದಾಗ, ಕಾಲೇಜಿನ ವಿದ್ಯಾರ್ಥಿಯಾದ ನಾನು ತುಟಿಯ ತುದಿಯಲ್ಲಿ ನಕ್ಕೆ.

ಕಾಗೆಗಳಿಗೇನು ಬರವಿರಲಿಲ್ಲ. ಎದುರಿನ ಬೇವಿನ ಮರದ ತುಂಬ ಕುಳಿತಿದ್ದವು. ಒಂದೂ ಇಳಿಯಲಿಲ್ಲ. ಅಪ್ಪ ಕೈಮುಗಿದು, ನಿನ್ನ ಅಸ್ಥಿಯನ್ನು ಕಾಶಿಗೆ ಒಯ್ಯುತ್ತೇನೆ ಅವ್ವಾ ಎಂದರು. ಕಾಗೆಗಳು ಕದಲಲಿಲ್ಲ. ಗೋದಾನ ಮಾಡುತ್ತೇನೆ ಎಂದರು. ಒಂದು ಕಾಗೆ ರೆಕ್ಕೆ ಕೆದರಿತು, ಮತ್ತೆ ಕುಳಿತಿತು. ದೇವರಿಗೆ ಲಕ್ಷ ಬತ್ತಿ ಹಚ್ಚಿಸುತ್ತೇನೆ ಎಂದರು. ಮೊಮ್ಮಗನ ಮದುವೆ ಬರುವ ವರ್ಷವೇ ಮಾಡಿ ಮುಗಿಸುತ್ತೇನೆ ಎಂದರು. ಈ ಮಾತಿಗೆ ನಾನು ಬೆಚ್ಚಿದೆ, ಕಾಗೆ ಬೆಚ್ಚಲಿಲ್ಲ. ಬಿಸಿಲು ನೆತ್ತಿಗೆ ಬಂತು. ಹೊಟ್ಟೆ ಚುರುಗುಟ್ಟುತ್ತಿತ್ತು. ಬಂದ ಬಂಧುಗಳು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆಕೆಗೆ ಬೇಕಾದದ್ದು ಏನೆಂದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಕೆರೆಯ ನೀರು ನೋಡುತ್ತ ನಿಂತಿದ್ದೆವು, ದೊಡ್ಡ ಮನುಷ್ಯರೆಲ್ಲ.

ಕೊನೆಗೆ ಭಟ್ಟರು, ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿದರೂ ನಡೆಯುತ್ತದೆ, ಶಾಸ್ತ್ರದಲ್ಲಿ ಅದಕ್ಕೂ ದಾರಿ ಇದೆ ಎಂದರು. ಅಪ್ಪನ ಮುಖದಲ್ಲಿ ಸ್ವಲ್ಪ ಜೀವ ಬಂತು. ಆದರೆ ಹಿಂದಿನಿಂದ ಯಾರೋ ಗೊಣಗಿದರು: ಹುಲ್ಲಿನ ಕಾಗೆ ಮುಟ್ಟಿಸಿದರೆ ತಾಯಿಯ ಆಸೆ ತೀರಿಸದ ಮಗ ಎಂದು ಧಾರವಾಡವೆಲ್ಲ ಆಡಿಕೊಳ್ಳುತ್ತದೆ. ಅಪ್ಪನಿಗೆ ಈ ಮಾತು ತಾಕಿತು. ಕಾಕಾ ಅವರ ಪಕ್ಕಕ್ಕೆ ಬಂದು ಮೆಲ್ಲಗೆ, "ಅಣ್ಣಾ, ಅಕ್ಕನ ಮಾತು ಅಂದುಬಿಡು" ಎಂದರು.

ಅಪ್ಪ ಪಿಂಡದ ಕಡೆ ತಿರುಗಿ ಮತ್ತೆ ಕೈಮುಗಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಅವ್ವಾ, ತಂಗೀನ್ನ ಮನಿಗೆ ಕರಸ್ತೇನಿ. ನಡುಮನ್ಯಾಗ ಎಲ್ಲಾರ ಜೋಡಿ ಕೂಡಿಸಿ ಉಣ್ಣಸ್ತೇನಿ. ನೀ ಚಿಂತಿ ಮಾಡಬ್ಯಾಡ, ಹೋಗು."

ಮಾತು ಮುಗಿಯುವಷ್ಟರಲ್ಲಿ ಕಾಗೆ ಬಂತು. ನಂಬುವವರು ನಂಬಲಿ, ಬಿಡುವವರು ಬಿಡಲಿ, ನಾನು ಕಣ್ಣಾರೆ ಕಂಡದ್ದು. ಒಂದು ಇಳಿದು ಪಿಂಡಕ್ಕೆ ಕೊಕ್ಕು ಹಾಕಿತು, ಹಿಂದೆಯೇ ಹಿಂಡು ಇಳಿಯಿತು. ಅಪ್ಪ ಹಸುಳೆಯ ಹಾಗೆ ಅತ್ತರು. ಕಾಕಾ ಅತ್ತರು. ನಕ್ಕಿದ್ದ ನಾನೂ ಅತ್ತುಬಿಟ್ಟೆ. ಅಪ್ಪನ ಬಗ್ಗೆ ಆ ದಿನ ನನಗಾದ ಅಭಿಮಾನ ಅವರ ಯಾವ ಭಾಷಣದಿಂದಲೂ ಆಗಿರಲಿಲ್ಲ. ಕಾಕಾ ಅಂದೇ ಹುಬ್ಬಳ್ಳಿಗೆ ರೈಲು ಹತ್ತಿದರು.

ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಹೋಳಿಗೆಯ ಊಟ, ನಡುಮನೆಯಲ್ಲಿ ಎರಡು ಸಾಲು ಎಲೆ ಹಾಕಿತ್ತು. ಟಾಂಗಾ ಬಾಗಿಲಿಗೆ ಬಂದು ನಿಂತಾಗ ನಾನು ಕಟ್ಟೆಯ ಮೇಲಿದ್ದೆ. ಅತ್ತೆ ಇಳಿದಳು. ಮಾಸ್ತರು ಬಂದಿರಲಿಲ್ಲ, ಕರೆ ಇದ್ದದ್ದು ಆಕೆಗೊಬ್ಬಳಿಗೆ. ಹೊಸ ಇಳಕಲ್ ಸೀರೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಒಂದು ಸಣ್ಣ ಗಂಟು. ನನ್ನನ್ನು ನೋಡಿ ಗುರುತು ಹಿಡಿಯಲು ತಡವರಿಸಿದಳು. ಬಿಟ್ಟು ಹೋಗುವಾಗ ನಾನು ಚಡ್ಡಿ ಹಾಕುತ್ತಿದ್ದೆ.

ಒಳಗೆ ಗುಜುಗುಜು ಎದ್ದಿತು. ಆಕೆ ಪಂಕ್ತಿಯಲ್ಲಿ ಕುಳಿತರೆ ತಾವು ಎಲೆ ಬಿಟ್ಟು ಏಳುತ್ತೇವೆ ಎಂದು ಭಟ್ಟರು ಹೇಳಿದರು, ಬಹಳ ಮೃದುವಾಗಿ, ನೋವಿನಿಂದಲೇ ಹೇಳಿದರು. ಬಂಧುಗಳು ತಲೆದೂಗಿದರು. ಇವರೇ ಕೆರೆಯ ದಂಡೆಯಲ್ಲಿ ಕಣ್ಣೊರೆಸಿಕೊಂಡವರು. ಕಾಕಾ ಅಪ್ಪನನ್ನು ದೇವರ ಮನೆಯ ಬಾಗಿಲಿಗೆ ಕರೆದು, ಅವ್ವನಿಗೆ ಮಾತು ಕೊಟ್ಟೀಯಲ್ಲ ಎಂದು ಕೇಳಿದರು. ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಕಾಗಿ ಮುಟ್ಟಿತು, ಅವ್ವಗ ಗತಿ ಸಿಕ್ತು. ಮುಗೀತು. ಇನ್ನ ಇದ್ದವರ ಮರ್ಯಾದಿ ನೋಡಬೇಕು."

ಕಾಕಾ ಅಪ್ಪನ ಆಸರೆಯಲ್ಲಿ ಸಂಸಾರ ನಡೆಸುವವರು. ಮರಳಿ ಬಡಿಸಲು ಹೋದರು. ಅಪ್ಪ ನನ್ನ ಕಡೆ ತಿರುಗಿ, ಆಕೆಯನ್ನು ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಕರೆದುಕೊಂಡು ಹೋಗು, ಅಲ್ಲೇ ಎಲೆ ಹಾಕಿಸುತ್ತೇನೆ ಎಂದರು. ಅಪ್ಪನಿಗೆ ಇಲ್ಲ ಎನ್ನುವ ಪದ್ಧತಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅತ್ತೆಗೆ ನಾನು ಏನು ಹೇಳಿದೆನೋ ನೆನಪಿಲ್ಲ. ಒಳಗೆ ಬಹಳ ಜನ, ಗದ್ದಲ ಎಂದೋ ಏನೋ ಬಡಬಡಿಸಿದೆ. ಆಕೆ ಒಮ್ಮೆ ತಲೆಬಾಗಿಲು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಸಂದಿಯ ಕಡೆ ತಾನೇ ಮುಂದಾಗಿ ನಡೆದಳು. ಹೊಸ ಸೀರೆಯ ನಿರಿಗೆಯನ್ನು ಗಟಾರಿನ ನೀರು ತಾಗದಂತೆ ಎತ್ತಿ ಹಿಡಿದಿದ್ದಳು. ಆಕೆಯ ಹಿಂದೆ ನಡೆಯುತ್ತಿದ್ದ ನನಗೆ ತಲೆ ಎತ್ತಲು ಆಗಲಿಲ್ಲ.

ಬಾವಿಯ ಪಕ್ಕದಲ್ಲಿ, ಬಚ್ಚಲ ಗೋಡೆಯ ನೆರಳಿನಲ್ಲಿ ಅವ್ವ ಮಣೆ ಹಾಕಿ ಎಲ್ಲವನ್ನೂ ಬಡಿಸಿದಳು. ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು, ಕೋಸಂಬರಿ, ಯಾವುದೂ ಬಿಟ್ಟುಹೋಗದಂತೆ ನೋಡಿಕೊಂಡಳು. ಅತ್ತೆಯ ಮುಖ ಮಾತ್ರ ನೋಡಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅತ್ತೆ ಮಣೆಯ ಮೇಲೆ ಕುಳಿತಳು, ಎಲೆಗೆ ಕೈ ಹಾಕಲಿಲ್ಲ.

"ಕಾಗಿ ಖರೇನ ಬಂತೇನೋ?" ಎಂದು ಕೇಳಿದಳು.

ಬಂತು ಎಂದೆ. ಅಪ್ಪ ಏನೇನು ಹೇಳಿದರು, ಯಾವ ಮಾತಿಗೆ ಬಂತು ಎಂದು ಕೇಳಿದಳು. ಕಾಶಿ, ಗೋವು, ಬತ್ತಿ, ನನ್ನ ಮದುವೆ, ಎಲ್ಲ ಆದ ಮೇಲೆ ಕೊನೆಗೆ ನಿನ್ನ ಮಾತು ಎಂದು ಹೇಳಬೇಕಾಯಿತು. ಆ ಮಾತಿಗೆ ಅತ್ತೆ ನಕ್ಕಳು, ನಮ್ಮವ್ವ ಯಾವಾಗಲೂ ಹಟಮಾರಿ ಎಂದಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮತ್ತೊಮ್ಮೆ ಹೇಳು ಎಂದಳು. ಮತ್ತೊಮ್ಮೆ ಹೇಳಿದೆ. ಒಳಗಿನಿಂದ ಶ್ಲೋಕ, ತುಪ್ಪ ಬಡಿಸುವವರ ಕೂಗು ಕೇಳಿಸುತ್ತಿತ್ತು. ಆಕೆಯ ಎಲೆಯ ಮೇಲಿನ ತುಪ್ಪ ಹೆಪ್ಪುಗಟ್ಟುತ್ತಿತ್ತು. ಉಣ್ಣು ಅತ್ಯಾ ಎಂದು ಹೇಳುವ ಮುಖ ನನಗಿರಲಿಲ್ಲ.

ಅಷ್ಟರಲ್ಲಿ ಅಪ್ಪ ಹಿತ್ತಲ ಬಾಗಿಲಿಗೆ ಬಂದರು. ಹೊಸ್ತಿಲು ದಾಟಲಿಲ್ಲ. ಅಣ್ಣ ತಂಗಿ ಎಷ್ಟೋ ವರ್ಷಗಳ ಮೇಲೆ ಒಬ್ಬರನ್ನೊಬ್ಬರು ನೋಡಿದರು. ಅತ್ತೆ ಎದ್ದು ನಿಂತಳು. ಅಪ್ಪನ ಬೋಳು ತಲೆಯನ್ನೇ ನೋಡುತ್ತಿದ್ದಳು. ಅಪ್ಪ, "ಊಟ ಆತೇನ?" ಎಂದರು.

ಎಲೆ ಆಕೆಯ ಮುಂದೆಯೇ ಇತ್ತು. ಹೋಳಿಗೆಯ ಅಂಚು ಕೂಡ ಮುರಿದಿರಲಿಲ್ಲ. ಅಪ್ಪ ಅದನ್ನು ನೋಡಿದರು.

"ಆತಣ್ಣಾ," ಎಂದಳು ಅತ್ತೆ. "ಹೊಟ್ಟಿ ತುಂಬ ಉಂಡೆ."

ಅಪ್ಪ ತಲೆಯಾಡಿಸಿ ಒಳಗೆ ಹೋದರು. ತಂಗಿಯ ಊಟ ಆಯಿತು ಎಂದು ಅವರು ಪಂಕ್ತಿಗೆ ಹೇಳಿದ್ದು ನಮಗೆ ಬಾವಿಯವರೆಗೆ ಕೇಳಿಸಿತು. ತಾಯಿಗೆ ಕೊಟ್ಟ ಮಾತು ನಡೆಸಿದ ಮಗ ಎಂದು ಯಾರೋ ಅಂದರು, ಭಟ್ಟರು ಮಂತ್ರ ಹೇಳಿ ಆಶೀರ್ವಾದ ಮಾಡಿದರು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಈ ಎಲೆಯನ್ನು ಅವರ ನಡುವೆ ಇಡುತ್ತೇನೆ ಎಂದು ಬಗ್ಗಿದೆ. ಅತ್ತೆ ನನ್ನ ರಟ್ಟೆ ಹಿಡಿದಳು.

"ಸುಮ್ಮನಿರು," ಎಂದಳು. "ಅವ್ವಗ ಮಾತು ಕೊಟ್ಟಾನ ಅಂವ. ಸುಳ್ಳ ಆಗಬಾರದು."

ಗಂಟು ಎತ್ತಿಕೊಂಡು ಸಂದಿಯಿಂದಲೇ ಹೊರಟುಹೋದಳು. ನಾನು ತುಂಬಿದ ಎಲೆಯನ್ನು, ಒಳಗಿನವರು ಕೈತೊಳೆಯಲು ಹಿತ್ತಲಿಗೆ ಬರುವ ಮೊದಲೇ, ದನದ ಮುಂದೆ ಸುರಿದೆ.