ಸೂಜಿಯಕ್ಕನಿಗೆ ಸಿಕ್ಕ ‘ನೀವು’

ಭೂಮಿಯ ಮೇಲಿರುವ ಕಾರ್ಖಾನೆಗಳನ್ನೆಲ್ಲ ಒಂದೇ ವಾರದಲ್ಲಿ, ಒಂದೇ ಜೋಡಿ ಚಪ್ಪಲಿಯಲ್ಲಿ ಸುತ್ತಿ ಮುಗಿಸಿದವನು ನಾನು. ಇಂಥ ನಾನೇ ಇವತ್ತು ಬಾಯಿ ಬಿಟ್ಟುಕೊಂಡು ನಿಂತಿದ್ದೇನೆ. ಬೆಳಗಿನ ಆರು ಗಂಟೆ. ಕಂಬಳಿ ಕಾರ್ಖಾನೆಯ ದುರಸ್ತಿ ಕೋಣೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಸೂಜಿಯಕ್ಕ ಕಣ್ಣು ಮುಚ್ಚಿ ಕಂಬಳಿಯ ಮೇಲೆ ಅಂಗೈ ಆಡಿಸುತ್ತಾರೆ. ಕೈ ಗಕ್ಕನೆ ನಿಲ್ಲುತ್ತದೆ. ಅಲ್ಲೊಂದು ಎಳೆ ತಪ್ಪಿದೆ. ನಾಲ್ಕೇ ಹೊಲಿಗೆ, ತೂತು ಎಲ್ಲಿತ್ತೆಂದು ನೇಯ್ದ ಯಂತ್ರಕ್ಕೂ ಗೊತ್ತಾಗದು.

ದಿನಕ್ಕೆ ನಾಲ್ಕು ಸಾವಿರ ಕಂಬಳಿ ಎಂದು ನಮ್ಮ ಪೇಪರಿಗಾಗಿ ಬರೆದುಕೊಳ್ಳುತ್ತೇನೆ. “ಎರಡು ಸೊನ್ನೆ ಹೊಡೆದುಹಾಕಿ ಸಾರ್,” ಎನ್ನುತ್ತಾರೆ, ತಲೆಯೆತ್ತದೆ.

ಇಪ್ಪತ್ತೆರಡು ವರ್ಷದ ಕೆಲಸ. ಊರಿಗಿರುವುದು ಇದೊಂದೇ ಕಾರ್ಖಾನೆ. ಗಂಡ ಇಲ್ಲೇ ಬಣ್ಣದ ತೊಟ್ಟಿಯ ಹತ್ತಿರ, ನಾದಿನಿ ಇಲ್ಲೇ ಪ್ಯಾಕಿಂಗಿನಲ್ಲಿ. ಸಂಬಳ ಹೆಚ್ಚಿಸಿ ಎಂದು ಯಾರಾದರೂ ಕೇಳಿದರೆ ಸೂಪರ್‌ವೈಸರ್ ಜಗಳಕ್ಕೆ ಬರುವುದಿಲ್ಲ. ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಎಂಬ ಬೋರ್ಡನ್ನು ಗೇಟಿಗೆ ತೂಗುಹಾಕಿಸುತ್ತಾರೆ, ಅಷ್ಟೇ.

“ಮೂರು ಸಲ ಕೇಳಿದೆ, ಮೂರು ಸಲಾನೂ ಬೋರ್ಡು ಬಂತು. ‘ಬೇಡಾಂದ್ರೆ ಹೋಗು, ನಿನ್ನ ಯಾರು ಹಿಡ್ಕೊಂಡಿದ್ದಾರೆ?’ ಅಂದ್ರು. ಹೋಗೋದೆಲ್ಲಿಗೆ? ಇನ್ನೊಂದು ಗೇಟಿದ್ರೆ ತಾನೇ!”

ಹೋದ ವರ್ಷ ಸೇತುವೆಯಾಚೆಯ ಹಳೇ ಷೆಡ್ಡಿಗೆ ಯಾರೋ ಸುಣ್ಣ ಹೊಡೆಸಿದರು. ಹೊಸ ಕಂಬಳಿ ಕಾರ್ಖಾನೆಯಂತೆ ಎಂದು ಸುದ್ದಿ. ಸೂಜಿಯಕ್ಕ ಊಟದ ಬಿಡುವಿನಲ್ಲಿ ಹೋಗಿ ಬಾಗಿಲಲ್ಲಿ ಇಣುಕಿ ಬಂದರು. ಇಣುಕಿದ್ದಷ್ಟೇ.

“ಮಾರನೇ ದಿನ ಸೂಪರ್‌ವೈಸರ್ ಕುರ್ಚಿ ಎಳೆದು, ‘ಬನ್ನಿ, ಕೂತ್ಕೊಳ್ಳಿ, ನೀವೇ ಇಲ್ಲದಿದ್ರೆ ಹೇಗೆ?’ ಅಂದ್ರು. ನೀವು! ನನ್ನ ಹಿಂದೆ ಯಾರು ನಿಂತಿದ್ದಾರೆ ಅಂತ ತಿರುಗಿ ನೋಡಿದೆ.”

ಆ ವಾರವೇ ದುರಸ್ತಿ ಕೋಣೆಯ ಆರೂ ಮಂದಿಗೆ ಸಂಬಳ ಏರಿತು. ಷೆಡ್ಡಿಗೆ ಕೊನೆಗೆ ಬಂದದ್ದು ಕಾರ್ಖಾನೆಯಲ್ಲ, ಮದುವೆಗಳಿಗೆ ಬಾಡಿಗೆ ಕೊಡುವ ಕುರ್ಚಿಗಳು!

“ಏರಿಸಿದ್ದನ್ನ ಇಳಿಸೋಕೆ ಆಗ್ಲಿಲ್ಲ. ‘ನೀವು’ ಮಾತ್ರ ಆ ಕುರ್ಚಿ ಬಂದ ದಿನ ಸಂಜೆಯೊಳಗೆ ‘ನೀನು’ ಆಯ್ತು,” ಎಂದು ಬಿದ್ದು ಬಿದ್ದು ನಗುತ್ತಾರೆ. ಈ ವರ್ಷ ಮತ್ತೆ ಕೇಳಿದ್ದಾರೆ. ಗೇಟಿನಲ್ಲಿ ಮತ್ತೆ ಬೋರ್ಡು ತೂಗುತ್ತಿದೆ.

ಆಸೆ ಏನೆಂದು ಕೇಳುತ್ತೇನೆ. “ಇನ್ನೊಂದು ಗೇಟು ಸಾರ್. ನಾನೇನೂ ಹೋಗಲ್ಲ, ಈ ಬೆಂಚು ನಂಗಿಷ್ಟ. ಹೋಗಬಹುದು ಅಂತ ಅವರಿಗೆ ಗೊತ್ತಿದ್ರೆ ಸಾಕು.”

ನಾನು ಎದೆಯುಬ್ಬಿಸುತ್ತೇನೆ. “ಹೆದರಬಾರದು ಅಕ್ಕಾ! ನಾನು ವರ್ಷಕ್ಕೆರಡು ಸಲ ಸಂಪಾದಕರ ಮೇಜು ಕುಟ್ಟಿ ಸಂಬಳ ಏರಿಸ್ಕೊಳ್ತೀನಿ.”

ಸೂಜಿ ನಿಲ್ಲುತ್ತದೆ. “ನಿಮ್ಮೂರಲ್ಲಿ ಪೇಪರ್ ಎಷ್ಟಿವೆ?”

“ಒಂದೇ.”

ಸೂಜಿಯಕ್ಕ ಕಂಬಳಿ ಸರಿಸಿ ಬೆಂಚಿನಲ್ಲಿ ಜಾಗ ಮಾಡುತ್ತಾರೆ. ಕೂರುತ್ತೇನೆ.

“ಕುಟ್ಟಿಲ್ಲ ಅಕ್ಕಾ. ಒಂಬತ್ತು ವರ್ಷ ಆಯ್ತು. ಒಂದ್ಸಲಾನೂ ಬಾಯಿಬಿಟ್ಟು ಕೇಳಿಲ್ಲ.”